ಮಿನಿ ಟ್ರ್ಯಾಕ್ಟರ್‌ಗೆ ಸೌದೆ ಸೀಳುವ ಯಂತ್ರ: ಟ್ರ್ಯಾಕ್ಟರ್‌ನ ಆಯಿಲೇ ಸಾಕಾ, ಪಿಟಿಓ ಪಂಪ್ ಬೇಕಾ?

ಕೆಂಪಡಿಕೆ ಮಾಡುವ ಮನೆಗಳಲ್ಲಿ ಸುಗ್ಗಿಗೆ ಮುಂಚೆ ಏಳುವ ಮೊದಲ ಚಿಂತೆ ಸೌದೆಯದ್ದು. ಅಡಿಕೆ ಬೇಯಿಸುವ ಹಂಡೆಗೆ ಬೇಕು, ವರ್ಷವಿಡೀ ಬಚ್ಚಲ ಒಲೆಗೆ ಬೇಕು. ತೋಟದಲ್ಲಿ ಬಿದ್ದ ಸಿಲ್ವರ್ ಮರ, ಬೇಲಿ ಬದಿಯ ಅಕೇಶಿಯಾ, ಒಣಗಿದ ಹಲಸು, ಮಾವು ಎಲ್ಲ ಇರುತ್ತದೆ. ಚೈನ್ ಸಾ ಇದ್ದರೆ ಅರ್ಧ ದಿನದಲ್ಲಿ ತುಂಡು ಮಾಡಿ ಬಿಸಾಕಬಹುದು. ಆದರೆ ಸೀಳಬೇಕಲ್ಲ! ಕೊಡಲಿ ಹಿಡಿದು ಇಡೀ ದಿನ ಸೌದೆ ಒಡೆಯುವ ಆಳು ಈಗ ಸಿಗುವುದೇ ಕಷ್ಟ. ಸಿಕ್ಕರೂ ಅವರು ಅಡಿಕೆ ಗೊನೆ ಇಳಿಸುವ ಕೊನೆಗಾರರ ಜೊತೆ ತೋಟದಲ್ಲಿ ಇರಬೇಕಾದ ದಿನಗಳು ಅವು.

ಹಾಗಾಗಿ ಅಂಗಳದಲ್ಲಿ ನಿಂತ 20–28 ಎಚ್‌ಪಿ ಮಿನಿ ಟ್ರ್ಯಾಕ್ಟರ್ ಕಡೆ ಕಣ್ಣು ಹೋಗುತ್ತದೆ. ಅದರಲ್ಲಿ ಹೈಡ್ರಾಲಿಕ್ ಇದೆ, ಹಿಂದೆ ಎರಡು ಪೈಪ್ ಸಿಕ್ಕಿಸುವ ಜಾಗವೂ ಇದೆ, ಒಂದು ಸಿಲಿಂಡರ್, ಒಂದು ಬೆಣೆ ಕೂರಿಸಿದರೆ ಮುಗಿಯಿತಲ್ಲ ಅಂತ ಎಲ್ಲರಿಗೂ ಅನ್ನಿಸುತ್ತದೆ. ಮುಗಿಯುತ್ತದೆ ನಿಜ, ಆದರೆ ಯಾವ ಟ್ರ್ಯಾಕ್ಟರ್, ಎಷ್ಟು ಸೌದೆ ಅನ್ನುವುದರ ಮೇಲೆ. ನಮ್ಮ ಮುಂದೆ ಇರುವ ದಾರಿಗಳು ಮುಖ್ಯವಾಗಿ ಎರಡು: ಟ್ರ್ಯಾಕ್ಟರ್‌ನ ಸ್ವಂತ ಪಂಪಿನಿಂದಲೇ ಆಯಿಲ್ ತೆಗೆದುಕೊಳ್ಳುವುದು, ಇಲ್ಲವೇ ಪಿಟಿಓಗೆ (ಟ್ರ್ಯಾಕ್ಟರ್ ಹಿಂದೆ ಎಂಜಿನ್ ಬಲದಿಂದ ತಿರುಗುವ ಶಾಫ್ಟ್‌ಗೆ) ಬೇರೆ ಪಂಪ್ ಹಾಕಿ, ಬೇರೆ ಟ್ಯಾಂಕ್ ಇಟ್ಟು ಓಡಿಸುವುದು. ಟ್ರ್ಯಾಕ್ಟರ್ ಗೊಡವೆಯೇ ಬೇಡ ಅಂತ ಸ್ವಂತ ಎಂಜಿನ್ ಇರುವ ಯಂತ್ರ ತರುವ ದಾರಿಯೂ ಒಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಟನ್ ಲೆಕ್ಕ. ಮಾರುವವರು ಯಂತ್ರದ ಮೇಲೆ 20 ಟನ್, 25 ಟನ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಆ ಟನ್ ಯಂತ್ರದೊಳಗೆ ಇರುವುದಿಲ್ಲ, ನಿಮ್ಮ ಟ್ರ್ಯಾಕ್ಟರ್ ಕೊಡುವ ಒತ್ತಡದಿಂದ ಬರಬೇಕು. ಒತ್ತಡವನ್ನು ಸಿಲಿಂಡರ್‌ನ ಒಳಗಿನ ವಿಸ್ತೀರ್ಣದಿಂದ ಗುಣಿಸಿದರೆ ಬಲ ಸಿಗುತ್ತದೆ, ಅಷ್ಟೇ ಲೆಕ್ಕ. 160 ಬಾರ್ ಒತ್ತಡ ಇದೆ ಅಂದುಕೊಳ್ಳಿ. ಒಳವ್ಯಾಸ 80 ಮಿಮೀ ಇರುವ ಸಿಲಿಂಡರ್ ಸುಮಾರು 8 ಟನ್ ನೂಕುತ್ತದೆ. 100 ಮಿಮೀ ಆದರೆ 12.8 ಟನ್. 125 ಮಿಮೀ ಆದರೆ ಹತ್ತಿರ ಹತ್ತಿರ 20 ಟನ್. ಅದೇ 125 ಮಿಮೀ ಸಿಲಿಂಡರನ್ನು 130 ಬಾರ್‌ಗೆ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರದಂತೆ ಆಯಿಲನ್ನು ವಾಪಸ್ ಬಿಡುವ ವಾಲ್ವ್) ತೆರೆದುಕೊಳ್ಳುವ ಟ್ರ್ಯಾಕ್ಟರ್‌ಗೆ ಹಾಕಿದರೆ 16 ಟನ್ ಚಿಲ್ಲರೆಗೆ ನಿಂತುಬಿಡುತ್ತದೆ, ಬೋರ್ಡ್ ಮೇಲೆ ಏನು ಬರೆದಿದ್ದರೂ ಸರಿ.

ಇಷ್ಟು ಕೇಳಿದ ಮೇಲೆ ‘ಹಾಗಾದರೆ ದೊಡ್ಡ ಸಿಲಿಂಡರೇ ಹಾಕೋಣ’ ಅನ್ನುವವರೇ ಜಾಸ್ತಿ. ಅಲ್ಲೇ ಎಡವುವುದು. ಸಿಲಿಂಡರ್ ದಪ್ಪ ಆದಷ್ಟೂ ಅದನ್ನು ತುಂಬಲು ಆಯಿಲ್ ಜಾಸ್ತಿ ಬೇಕು, ಮತ್ತು ಮಿನಿ ಟ್ರ್ಯಾಕ್ಟರ್‌ಗಳ ಬಡತನ ಇರುವುದು ಒತ್ತಡದಲ್ಲಿ ಅಲ್ಲ, ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತದೆ ಅನ್ನುವುದರಲ್ಲಿ. ಸಿಲಿಂಡರ್‌ನಿಂದ ಹೊರಬರುವ ರಾಡ್ 60 ಸೆಂಮೀ ಚಾಚಬೇಕು, ಟ್ರ್ಯಾಕ್ಟರ್ ನಿಮಿಷಕ್ಕೆ 15 ಲೀಟರ್ ಕೊಡುತ್ತದೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿ. 125 ಮಿಮೀ ಸಿಲಿಂಡರ್ ಪೂರ್ತಿ ಚಾಚಲು ಸುಮಾರು 30 ಸೆಕೆಂಡ್, ವಾಪಸ್ ಬರಲು ಇನ್ನು 22–23 ಸೆಕೆಂಡ್. ಒಂದು ತುಂಡಿಗೆ ಹತ್ತಿರ ಒಂದು ನಿಮಿಷ! 100 ಮಿಮೀ ಆದರೆ ಹೋಗಿ ಬರಲು 33 ಸೆಕೆಂಡ್. 80 ಮಿಮೀ ಆದರೆ 21 ಸೆಕೆಂಡ್. ದಪ್ಪ ಬೊಡ್ಡೆಯನ್ನು ನಾಲ್ಕು ಭಾಗ ಮಾಡಬೇಕಾದಾಗ ಈ ವ್ಯತ್ಯಾಸ ಮೈಗೆ ತಾಗುತ್ತದೆ. ಕೊಡಲಿಯಲ್ಲಿ ಪಳಗಿದವನು ಪಕ್ಕದಲ್ಲಿ ನಿಂತು ನಗುತ್ತಾನೆ, ಸುಮ್ನೆ ಹೇಳುತ್ತಿಲ್ಲ.

ನೆಟ್ಟಗೆ ಬೆಳೆದ ಸಿಲ್ವರ್, ಅಕೇಶಿಯಾ ತುಂಡುಗಳಿಗೆ 8 ಟನ್ ಧಾರಾಳ ಸಾಕು. ಬೆಣೆ ಮೂರ್ನಾಲ್ಕು ಇಂಚು ಒಳಗೆ ಹೋಗುವುದರೊಳಗೆ ಟಪ್ ಅಂತ ಎರಡು ಹೋಳಾಗುತ್ತದೆ. ಕಷ್ಟ ಕೊಡುವುದು ಗಂಟು, ಕವಲು, ಸುತ್ತಿಕೊಂಡು ಬೆಳೆದ ಬುಡ. ಅಂಥವು ಹತ್ತರಲ್ಲಿ ಒಂದೋ ಎರಡೋ ಬರುತ್ತವೆ. ಅವನ್ನು ಚೈನ್ ಸಾಯಲ್ಲಿ ಇನ್ನೊಂದು ಸಲ ಕೊಯ್ದರೆ ಆಯಿತು, ಅಥವಾ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಸಿಗಿದುಕೊಂಡು ಬಂದರೆ ಆಯಿತು. ಆ ಎರಡು ತುಂಡಿನ ಸಲುವಾಗಿ ಉಳಿದ ಎಂಟನ್ನೂ ನಿಧಾನ ಮಾಡಿಕೊಳ್ಳುವುದು ಯಾವ ಜಾಣತನ? ಹಾಗಾಗಿ ಟ್ರ್ಯಾಕ್ಟರ್‌ನ ಆಯಿಲಿಂದಲೇ ಓಡಿಸುವುದಾದರೆ 80 ಅಥವಾ 90 ಮಿಮೀ ಸಿಲಿಂಡರ್ ತೆಗೆದುಕೊಳ್ಳಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಂಗಡಿಯವರಿಗೆ ಇದು ಇಷ್ಟವಾಗುವುದಿಲ್ಲ, ಏಕೆಂದರೆ ಬೋರ್ಡ್ ಮೇಲೆ ಬರೆಯಲು ದೊಡ್ಡ ನಂಬರ್ ಉಳಿಯುವುದಿಲ್ಲ.

ಲೀಟರ್ ಲೆಕ್ಕ ನೋಡುವಾಗಲೂ ಎರಡು ಕಡೆ ಮೋಸ ಹೋಗಬಹುದು. ಟ್ರ್ಯಾಕ್ಟರ್ ಕಂಪನಿಯ ಪಟ್ಟಿಯಲ್ಲಿ ಕೊಟ್ಟ ನಂಬರ್ ಎಂಜಿನ್ ಪೂರ್ತಿ ಓಡುವಾಗಿನದು. ಪಂಪ್ ಎಂಜಿನ್ ಜೊತೆಗೇ ತಿರುಗುತ್ತದೆ, ಹಾಗಾಗಿ ಡೀಸೆಲ್ ಉಳಿಸೋಣ ಅಂತ 1,200 ಆರ್‌ಪಿಎಂನಲ್ಲಿ ಬಿಟ್ಟರೆ ಆಯಿಲ್ ಕೂಡ ಅರ್ಧಕ್ಕೆ ಇಳಿಯುತ್ತದೆ. ಎರಡನೆಯದು, ಪವರ್ ಸ್ಟೀರಿಂಗ್ ಇರುವ ಟ್ರ್ಯಾಕ್ಟರ್‌ಗಳಲ್ಲಿ ಕೆಲವೊಮ್ಮೆ ಸ್ಟೀರಿಂಗ್‌ಗೆ ಹೋಗುವ ಆಯಿಲನ್ನೂ ಸೇರಿಸಿ ‘ಒಟ್ಟು’ ಅಂತ ಬರೆದಿರುತ್ತಾರೆ. ನಮಗೆ ಬೇಕಾದದ್ದು ಹಿಂದಿನ ಪೈಪಿಗೆ ಬರುವುದು ಮಾತ್ರ. ನಂಬಿಕೆ ಬರದಿದ್ದರೆ ಅಳೆಯುವುದು ಸುಲಭ: ಅಳತೆ ಗೊತ್ತಿರುವ ಯಾವುದಾದರೂ ಸಿಲಿಂಡರ್ ಸಿಕ್ಕಿಸಿ, ಭಾರ ಇಲ್ಲದೆ ಪೂರ್ತಿ ಚಾಚಲು ಎಷ್ಟು ಸೆಕೆಂಡ್ ಬೇಕು ನೋಡಿ, ಅದರಿಂದ ಲೀಟರ್ ಲೆಕ್ಕ ಬರುತ್ತದೆ. ಪೈಪ್ ಬಿಚ್ಚಿ ಬಕೆಟ್‌ಗೆ ಹಿಡಿಯುವ ಸಾಹಸ ಮಾತ್ರ ಬೇಡ.

ಟ್ರ್ಯಾಕ್ಟರ್‌ನ ಸ್ವಂತ ಆಯಿಲ್

ಇಲ್ಲಿ ಮೊದಲು ನೋಡಬೇಕಾದದ್ದು ಹಿಂದೆ ಎಂಥ ಪಾಯಿಂಟ್ ಇದೆ ಅಂತ. ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಇರುವುದು ಟಿಪ್ಪಿಂಗ್ ಟ್ರಾಲಿಗೆ ಕೊಟ್ಟ ಒಂದೇ ಪೈಪಿನ ಪಾಯಿಂಟ್. ಟ್ರಾಲಿಯ ಜಾಕ್ ಎತ್ತಲು ಮಾತ್ರ ಆಯಿಲ್ ಬೇಕು, ಇಳಿಯುವಾಗ ಟ್ರಾಲಿಯ ಭಾರವೇ ಆಯಿಲನ್ನು ವಾಪಸ್ ತಳ್ಳುತ್ತದೆ. ಸೌದೆ ಸೀಳುವ ಬೆಣೆ ಹಾಗಲ್ಲ, ಮರದೊಳಗೆ ಕಚ್ಚಿಕೊಂಡರೆ ಅದನ್ನು ಹಿಂದಕ್ಕೆ ಎಳೆಯಲೂ ಬಲ ಬೇಕು. ಅಂದರೆ ಎರಡೂ ಕಡೆ ಆಯಿಲ್ ಕೊಡುವ ಡಬಲ್ ಆಕ್ಟಿಂಗ್ ವಾಲ್ವ್ ಇರಲೇಬೇಕು. ಒಂದೇ ಪೈಪಿನ ಪಾಯಿಂಟ್‌ಗೆ ಸ್ಪ್ರಿಂಗ್ ಕಟ್ಟಿ ವಾಪಸ್ ಎಳೆಸುವ ಜುಗಾಡ್‌ಗಳಿವೆ. ಹಲಸಿನ ಗಂಟಿಗೆ ಸಿಕ್ಕ ಬೆಣೆಯನ್ನು ಸ್ಪ್ರಿಂಗ್ ಬಿಡಿಸುವುದಿಲ್ಲ ಬಿಡಿ.

ಡಬಲ್ ಆಕ್ಟಿಂಗ್ ವಾಲ್ವ್ ಕಂಪನಿಯಿಂದಲೇ ಬಂದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲದಿದ್ದರೆ ಹೊರಗಿನಿಂದ ಲಿವರ್ ವಾಲ್ವ್ ಕೂರಿಸಬೇಕು, ಮತ್ತು ಇದನ್ನು ಗೊತ್ತಿರುವವರೇ ಕೂರಿಸಬೇಕು. ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಿನವು ಓಪನ್ ಸೆಂಟರ್. ಯಾವ ಲಿವರ್ ಮುಟ್ಟದಿದ್ದರೂ ಆಯಿಲ್ ಪಂಪಿನಿಂದ ಹೊರಟು, ವಾಲ್ವ್‌ಗಳ ಮೂಲಕ ಸುತ್ತಿ, ನೇಗಿಲು ಎತ್ತುವ ಲಿಫ್ಟ್ ದಾಟಿ ಟ್ಯಾಂಕಿಗೆ ಬೀಳುತ್ತಲೇ ಇರುತ್ತದೆ. ಈ ದಾರಿಯ ಮಧ್ಯೆ ಹೊಸ ವಾಲ್ವ್ ಸೇರಿಸಿದರೆ ಮುಂದಿನ ಲಿಫ್ಟ್‌ಗೂ ಒತ್ತಡದ ಆಯಿಲ್ ಹೋಗಬೇಕಲ್ಲ, ಅದಕ್ಕೆ ಪವರ್ ಬಿಯಾಂಡ್ ಅನ್ನುವ ಬೇರೆ ಪೋರ್ಟ್ ಇರುವ ವಾಲ್ವೇ ಬೇಕು. ಸಾದಾ ವಾಲ್ವ್ ಹಾಕಿ ಅದರ ಟ್ಯಾಂಕ್ ಪೋರ್ಟಿನಿಂದ ಲಿಫ್ಟ್‌ಗೆ ಪೈಪ್ ಕೊಟ್ಟರೆ, ನೇಗಿಲು ಎತ್ತಿದ ಕೂಡಲೇ ಪೂರ್ತಿ ಒತ್ತಡ ಆ ಪೋರ್ಟಿಗೆ ಬೀಳುತ್ತದೆ. ಆ ಭಾಗ ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ. ಸೀಲ್ ಕಿತ್ತುಕೊಂಡು ಬರುತ್ತದೆ, ಕೆಲವೊಮ್ಮೆ ವಾಲ್ವ್‌ನ ಬಾಡಿಯೇ ಸೀಳುತ್ತದೆ. ವಾಲ್ವ್ ಕೊಳ್ಳುವಾಗ ‘ಪವರ್ ಬಿಯಾಂಡ್ ಇದೆಯಾ’ ಅಂತ ಕೇಳಿ. ಅಂಗಡಿಯವನು ಮುಖ ನೋಡಿದರೆ ಬೇರೆ ಅಂಗಡಿಗೆ ಹೋಗಿ.

ಟ್ರ್ಯಾಕ್ಟರ್‌ನ ಹಿಂದಿನ ಪಾಯಿಂಟ್‌ನಿಂದ ಆಯಿಲ್ ಕೊಟ್ಟು, ಸೀಳುವ ಯಂತ್ರದ ಮೇಲೆ ಇನ್ನೊಂದು ಲಿವರ್ ಇಡುವುದಾದರೆ ಆ ವಾಲ್ವ್ ಕೂಡ ಓಪನ್ ಸೆಂಟರ್ ಆಗಿರಬೇಕು. ಟ್ರ್ಯಾಕ್ಟರ್ ಲಿವರ್ ಒಂದೇ ಕಡೆ ಲಾಕ್ ಆಗಿ ನಿಲ್ಲಬೇಕು, ಇಲ್ಲದಿದ್ದರೆ ಒಬ್ಬರು ಸೀಟಿನ ಮೇಲೆ ಕೂತು ಅದನ್ನು ಹಿಡಿದುಕೊಂಡೇ ಇರಬೇಕಾಗುತ್ತದೆ. ಯಂತ್ರದ ವಾಲ್ವ್ ಕ್ಲೋಸ್ಡ್ ಸೆಂಟರ್ ಆದರೆ ನೀವು ಮುಂದಿನ ತುಂಡು ತರಲು ಹೋದಾಗಲೆಲ್ಲ ಆಯಿಲ್‌ಗೆ ದಾರಿ ಇಲ್ಲದೆ ರಿಲೀಫ್ ವಾಲ್ವ್ ಕಿರುಚುತ್ತದೆ. 160 ಬಾರ್‌ನಲ್ಲಿ ನಿಮಿಷಕ್ಕೆ 15 ಲೀಟರ್ ಹೀಗೆ ಹೋದರೆ 4 ಕಿಲೋವ್ಯಾಟ್ ಬರೀ ಬಿಸಿಯಾಗಿ ಆಯಿಲ್‌ಗೆ ಸೇರುತ್ತದೆ. ಬಚ್ಚಲಮನೆಯ ಎರಡು ಗೀಸರ್ ಗೇರ್‌ಬಾಕ್ಸ್‌ನಲ್ಲಿ ಮುಳುಗಿಸಿಟ್ಟ ಹಾಗೆ.

ಗೇರ್‌ಬಾಕ್ಸ್ ಅಂದೆ, ಅದೇ ಈ ದಾರಿಯ ದೊಡ್ಡ ತಲೆನೋವು. ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಹೈಡ್ರಾಲಿಕ್ ಎಲ್ಲಕ್ಕೂ ಒಂದೇ ಆಯಿಲ್. ಸೀಳುವ ಯಂತ್ರದ ಸಿಲಿಂಡರ್‌ನಲ್ಲಿ ಲೇತ್ ಅಂಗಡಿಯ ಚೂರು, ಪೈಪ್ ಒಳಗೆ ಮರದ ಹುಡಿ, ಪೈಪ್ ಸಿಕ್ಕಿಸುವ ಕಪ್ಲರ್ ಮೇಲೆ ಕೂತ ಕೆಂಪು ಮಣ್ಣು ಏನಿದ್ದರೂ ನೆಟ್ಟಗೆ ಹೋಗುವುದು ಗೇರ್‌ಬಾಕ್ಸಿಗೆ. ಒಂದು ಹೋಸ್ ಒಡೆದರೆ ನೆಲಕ್ಕೆ ಚೆಲ್ಲುವುದು ಕೂಡ ಗೇರ್‌ಬಾಕ್ಸಿನ ಆಯಿಲೇ. ಹಾಗಾಗಿ ಹೊಸ ಸಿಲಿಂಡರ್, ಹೊಸ ಪೈಪ್ ಸಿಕ್ಕಿಸುವ ಮುಂಚೆ ಡೀಸೆಲ್ ಹಾಕಿ ತೊಳೆದು ಊದಿ ಒಣಗಿಸಿ. ಕಪ್ಲರ್‌ಗೆ ಮುಚ್ಚಳ ಕಡ್ಡಾಯ. ಜಾಯಿಂಟ್‌ಗಳಿಗೆ ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತಬೇಡಿ, ಅದರ ಎಳೆ ಹರಿದು ಹೋಗಿ ವಾಲ್ವ್‌ನಲ್ಲಿ ಕೂರುತ್ತದೆ. ರಾಡ್ ಚಾಚಿದಾಗ ಟ್ಯಾಂಕಿನಿಂದ ಆಯಿಲ್ ಸ್ವಲ್ಪ ಕಡಿಮೆಯಾಗುವುದು ಸಹಜ, 100 ಮಿಮೀ ಸಿಲಿಂಡರ್‌ಗೆ ಒಂದೂಕಾಲು ಲೀಟರ್ ಹತ್ತಿರ. ಹಾಗಾಗಿ ಆಯಿಲ್ ಮಟ್ಟ ನೋಡುವುದು ರಾಡ್ ಒಳಗಿರುವಾಗ.

ಇನ್ನೊಂದು ಚಪಲ, ರಿಲೀಫ್ ವಾಲ್ವ್‌ನ ಸ್ಕ್ರೂ ತಿರುಗಿಸಿ ಒತ್ತಡ ಏರಿಸುವುದು. ‘ಅರ್ಧ ಸುತ್ತು ತಿರುಗಿಸಿದೆ, ಈಗ ಬೆಣ್ಣೆ ಕೊಯ್ದ ಹಾಗೆ ಹೋಗ್ತದೆ’ ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಲಿಫ್ಟ್‌ನ ಎರಕದ ಕವರ್ ಬಿರುಕು ಬಿಟ್ಟಾಗ ಅವರು ಫೋನ್ ಎತ್ತುವುದಿಲ್ಲ.

ಇಷ್ಟೆಲ್ಲ ಹೇಳಿದರೂ ನನಗೆ ಈ ದಾರಿ ಇಷ್ಟ. ಟ್ಯಾಂಕ್ ಬೇಡ, ಪಂಪ್ ಬೇಡ, ತಿರುಗುವ ಶಾಫ್ಟ್ ಹತ್ತಿರ ಇರುವುದಿಲ್ಲ, ಯಂತ್ರ ಹಗುರ, ಖರ್ಚು ಕಡಿಮೆ. ತೋಟದ ಮೂಲೆಗೆ ಟ್ರ್ಯಾಕ್ಟರ್ ಹಿಂದಿನ ಲಿಂಕ್ ಮೇಲೆ ಎತ್ತಿಕೊಂಡು ಹೋಗಿ, ಮರ ಬಿದ್ದಲ್ಲೇ ಸೀಳಿ, ಹೋಳನ್ನು ಮಾತ್ರ ಮನೆಗೆ ತರಬಹುದು. ಸ್ವಂತ ಅಡಿಕೆ, ಸ್ವಂತ ಬಚ್ಚಲು ಅಷ್ಟಕ್ಕೆ ಸೌದೆ ಬೇಕಾದವರಿಗೆ, ಡಬಲ್ ಆಕ್ಟಿಂಗ್ ವಾಲ್ವ್ ಇರುವ ಟ್ರ್ಯಾಕ್ಟರ್ ಇದ್ದರೆ, ಬೇರೇನೂ ಯೋಚನೆ ಬೇಡ.

ಪಿಟಿಓ ಪಂಪ್, ಬೇರೆ ಟ್ಯಾಂಕ್

ಸೌದೆ ಜಾಸ್ತಿ ಇದೆ, ಊರವರ ಅಡಿಕೆಯನ್ನೂ ಬೇಯಿಸಿಕೊಡುತ್ತೀರಿ, ಬಾಡಿಗೆಗೆ ಸೀಳಿಕೊಡುವ ಯೋಚನೆ ಇದೆ ಅಂದರೆ ಲೆಕ್ಕ ಬದಲಾಗುತ್ತದೆ. ಪಿಟಿಓ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಸಾದಾ ಗೇರ್ ಪಂಪಿಗೆ ಅದು ತೀರಾ ನಿಧಾನ, ಹಾಗಾಗಿ ಮಧ್ಯೆ ವೇಗ ಏರಿಸುವ ಗೇರ್‌ಬಾಕ್ಸ್ ಇರುತ್ತದೆ. ಒಂದಕ್ಕೆ ಮೂರು ಏರಿಸಿದರೆ 1,620 ಸುತ್ತು. ಒಂದು ಸುತ್ತಿಗೆ 25 ಸಿಸಿ ಆಯಿಲ್ ನೂಕುವ ಪಂಪ್ ಹಾಕಿದರೆ ಸೋರಿಕೆ ಕಳೆದು ನಿಮಿಷಕ್ಕೆ 37–38 ಲೀಟರ್ ಸಿಗುತ್ತದೆ. 100 ಮಿಮೀ ಸಿಲಿಂಡರ್ 13 ಸೆಕೆಂಡ್‌ನಲ್ಲಿ ಹೋಗಿ ಬರುತ್ತದೆ. ಟ್ರ್ಯಾಕ್ಟರ್ ಆಯಿಲಲ್ಲಿ 33 ಸೆಕೆಂಡ್ ತೆಗೆದುಕೊಳ್ಳುತ್ತಿದ್ದ ಅದೇ ಸಿಲಿಂಡರ್!

ಆದರೆ ಆ ಲೀಟರ್ ಪುಕ್ಕಟೆ ಬರುವುದಿಲ್ಲ. 160 ಬಾರ್‌ನಲ್ಲಿ 38 ಲೀಟರ್ ನೂಕಲು ಪಿಟಿಓದಲ್ಲಿ ಹತ್ತಿರ 16 ಎಚ್‌ಪಿ ಬೇಕು. 24–28 ಎಚ್‌ಪಿ ಟ್ರ್ಯಾಕ್ಟರ್ ಇದನ್ನು ಎಳೆಯುತ್ತದೆ. 18 ಎಚ್‌ಪಿ ಗಾಡಿಗೆ ಇದೇ ಪಂಪ್ ಹಾಕಿದರೆ ಗಂಟು ಸಿಕ್ಕಾಗಲೆಲ್ಲ ಎಂಜಿನ್ ಗೋಳಾಡಿ ಆರಿಹೋಗುತ್ತದೆ. ಅಂಥದ್ದಕ್ಕೆ 16 ಸಿಸಿ ಪಂಪ್ ಸಾಕು, 11 ಎಚ್‌ಪಿಯಲ್ಲಿ ಮುಗಿಯುತ್ತದೆ. ಅಂಗಡಿಯವರು ಪಂಪಿನ ಸಿಸಿ ಹೇಳದೆ ಬರೀ ಟನ್ ಹೇಳುತ್ತಿದ್ದರೆ, ಸಿಸಿ ಹೇಳುವವರೆಗೂ ದುಡ್ಡು ತೆಗೆಯಬೇಡಿ.

ಟ್ಯಾಂಕ್ ಚಿಕ್ಕದು ಮಾಡಿ ಉಳಿಸುವ ಬುದ್ಧಿ ತಯಾರಿಸುವವರಿಗೆ ಇದ್ದೇ ಇರುತ್ತದೆ. ಪಂಪ್ ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತದೋ ಕನಿಷ್ಠ ಅಷ್ಟಾದರೂ ಆಯಿಲ್ ಟ್ಯಾಂಕಿನಲ್ಲಿ ಇರಲಿ, ಒಂದೂವರೆ ಪಟ್ಟು ಇದ್ದರೆ ಇನ್ನೂ ಒಳ್ಳೆಯದು. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪ್ ದಪ್ಪ ಇರಬೇಕು, ಗಿಡ್ಡ ಇರಬೇಕು, ಟ್ಯಾಂಕ್ ಪಂಪಿಗಿಂತ ಮೇಲಿರಬೇಕು. ಇಲ್ಲದಿದ್ದರೆ ಪಂಪ್ ಆಯಿಲ್ ಬದಲು ಗಾಳಿ ಎಳೆಯುತ್ತದೆ, ಕುಯ್ಯೋ ಅಂತ ಅಳುತ್ತದೆ, ಆಯಿಲ್ ನೊರೆ ಬಂದು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಪಂಪ್ ತಿರುಗುವ ದಿಕ್ಕನ್ನೂ ನೋಡಿಕೊಳ್ಳಿ. ಟ್ರ್ಯಾಕ್ಟರ್ ಹಿಂದೆ ನಿಂತು ನೋಡಿದರೆ ಪಿಟಿಓ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಮಧ್ಯದ ಗೇರ್‌ಬಾಕ್ಸ್ ಅದನ್ನು ತಿರುವುಮುರುವು ಮಾಡಬಹುದು. ಉಲ್ಟಾ ದಿಕ್ಕಿನ ಪಂಪ್ ಕೂರಿಸಿದರೆ ಶುರು ಮಾಡಿದ ಕೂಡಲೇ ಶಾಫ್ಟ್ ಸೀಲ್ ಹಾರಿ ಅಂಗಳವೆಲ್ಲ ಆಯಿಲ್.

ಈ ದಾರಿಯ ದೊಡ್ಡ ಲಾಭ ವೇಗಕ್ಕಿಂತ ನೆಮ್ಮದಿ. ಗೇರ್‌ಬಾಕ್ಸ್ ಆಯಿಲ್ ಇದಕ್ಕೆ ಸೋಕುವುದೇ ಇಲ್ಲ. ಟ್ರ್ಯಾಕ್ಟರ್‌ಗೆ ಡಬಲ್ ಆಕ್ಟಿಂಗ್ ವಾಲ್ವ್ ಇಲ್ಲದಿದ್ದರೂ ನಡೆಯುತ್ತದೆ, ನಾಳೆ ಟ್ರ್ಯಾಕ್ಟರ್ ಬದಲಿಸಿದರೂ ಯಂತ್ರ ಹಾಗೇ ಹೊಸದಕ್ಕೆ ಹೊಂದುತ್ತದೆ, ಪಕ್ಕದ ಮನೆಯವರ ಟ್ರ್ಯಾಕ್ಟರ್‌ಗೂ ಸಿಕ್ಕಿಸಬಹುದು. ನಷ್ಟ ಅಂದರೆ ಪಂಪ್, ಗೇರ್‌ಬಾಕ್ಸ್, ಟ್ಯಾಂಕ್, ಫಿಲ್ಟರ್, ಶಾಫ್ಟ್ ಎಲ್ಲದಕ್ಕೂ ದುಡ್ಡು, ಜೊತೆಗೆ ತೂಕ. 50 ಲೀಟರ್ ಆಯಿಲೇ 43–44 ಕಿಲೋ. ಮಿನಿ ಟ್ರ್ಯಾಕ್ಟರ್ ಮೂತಿ ಎತ್ತದಂತೆ ಮುಂದೆ ಭಾರ ಹಾಕಬೇಕಾಗಬಹುದು, ತೋಟದ ಇಳಿಜಾರಿನ ದಾರಿಯಲ್ಲಂತೂ ಇದನ್ನು ಮರೆಯಬಾರದು.

ಸ್ವಂತ ಎಂಜಿನ್, ಕರೆಂಟ್, ಮತ್ತು ಆ ತಿರುಪು

ಪೆಟ್ರೋಲ್ ಎಂಜಿನ್ ಯಂತ್ರಗಳು 6–7 ಎಚ್‌ಪಿಯಲ್ಲೇ ಚುರುಕಾಗಿ ಓಡುವುದನ್ನು ನೋಡಿ ಆಶ್ಚರ್ಯ ಆಗುತ್ತದೆ. ಅವುಗಳಲ್ಲಿ ಹೆಚ್ಚಾಗಿ ಇರುವುದು ಟೂ ಸ್ಟೇಜ್ ಪಂಪ್. ಭಾರ ಇಲ್ಲದಾಗ ಜಾಸ್ತಿ ಆಯಿಲ್ ಕೊಟ್ಟು ಬೆಣೆಯನ್ನು ಸರಕ್ಕನೆ ಓಡಿಸುತ್ತದೆ, ಮರ ತಾಗಿ ಒತ್ತಡ ಏರಿದ ಕೂಡಲೇ ಕಡಿಮೆ ಆಯಿಲ್, ಜಾಸ್ತಿ ಒತ್ತಡಕ್ಕೆ ತಾನೇ ಬದಲಾಗುತ್ತದೆ. ಟ್ರ್ಯಾಕ್ಟರ್‌ನ ಗೇರ್ ಪಂಪಿಗೆ ಈ ಗುಣ ಇಲ್ಲ. ಸೌದೆ ಸೀಳುವಷ್ಟು ಹೊತ್ತೂ ಟ್ರ್ಯಾಕ್ಟರ್ ಬೇರೆ ಕೆಲಸಕ್ಕೆ ಸಿಗಬೇಕು, ಔಷಧಿ ಹೊಡೆಯಬೇಕು, ಗೊನೆ ಸಾಗಿಸಬೇಕು ಅನ್ನುವವರಿಗೆ ಇದು ಸರಿ. ಆದರೆ ಮಳೆಗಾಲ ಪೂರ್ತಿ ಮೂಲೆಯಲ್ಲಿ ಕೂತ ಪೆಟ್ರೋಲ್ ಎಂಜಿನ್‌ನ ಕಾರ್ಬುರೇಟರ್ ಸುಗ್ಗಿ ಹೊತ್ತಿಗೆ ಕೈಕೊಡುವುದು ಗೊತ್ತೇ ಇದೆಯಲ್ವಾ? ಇನ್ನು 3 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್‌ನವು 160 ಬಾರ್‌ನಲ್ಲಿ ನಿಮಿಷಕ್ಕೆ 7 ಲೀಟರ್ ಕೊಟ್ಟರೆ ಹೆಚ್ಚು. ಮನೆ ಖರ್ಚಿನ ಸಣ್ಣ ಸೌದೆಗೆ ಸಾಕು, ಹಂಡೆ ಒಲೆಗೆ ಸಾಲದು. ನಮ್ಮ ಕಡೆಯ ವೋಲ್ಟೇಜ್ ಬಗ್ಗೆ ಮಾತೇ ಬೇಡ.

ಪಿಟಿಓಗೆ ನೆಟ್ಟಗೆ ಸಿಕ್ಕಿಸುವ, ಶಂಕುವಿನಾಕಾರದ ತಿರುಪು ಇರುವ ಅಗ್ಗದ ಯಂತ್ರವೂ ಬರುತ್ತದೆ. ಹೈಡ್ರಾಲಿಕ್ಕೇ ಇಲ್ಲ, ತಿರುಪು ಮರದೊಳಗೆ ಕೊರೆದುಕೊಂಡು ಹೋಗಿ ಸೀಳುತ್ತದೆ, ವೇಗವೂ ಇದೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿ ಕೆಲಸ ಮಾಡುವ ಊರು ನಮ್ಮದು. ತಿರುಗುವ ತಿರುಪಿಗೆ ಟವೆಲ್ ತುದಿ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಪಿಟಿಓ ಶಾಫ್ಟಿಗೂ ಇದೇ ಮಾತು, ಪ್ಲಾಸ್ಟಿಕ್ ಕವಚ ಬಿಚ್ಚಿ ಎಸೆದ ಶಾಫ್ಟ್ ಹತ್ತಿರ ಯಾರನ್ನೂ ಬಿಡಬೇಡಿ.

ಹೈಡ್ರಾಲಿಕ್ ಯಂತ್ರದಲ್ಲಿ ಬೆರಳು ಹೋಗುವುದು ಹೆಚ್ಚಾಗಿ ಇಬ್ಬರು ಸೇರಿ ಕೆಲಸ ಮಾಡುವಾಗ. ಒಬ್ಬರು ತುಂಡು ಇಡುತ್ತಾರೆ, ಇನ್ನೊಬ್ಬರು ಲಿವರ್ ಎಳೆಯುತ್ತಾರೆ, ಇಟ್ಟವರು ಕೊನೆ ಗಳಿಗೆಯಲ್ಲಿ ಸರಿ ಮಾಡಲು ಕೈ ಹಾಕುತ್ತಾರೆ. ತುಂಡು ಇಟ್ಟವರೇ ಲಿವರ್ ಎಳೆಯಬೇಕು, ಇನ್ನೊಬ್ಬರು ಹೋಳು ಎತ್ತಿ ಒಟ್ಟಲಿ. ಲಿವರ್ ಬಿಟ್ಟ ಕೂಡಲೇ ಬೆಣೆ ನಿಲ್ಲಬೇಕು, ಅದು ಒಳಹೋಗುವ ಕಡೆ ಲಾಕ್ ಆಗುವ ವಾಲ್ವ್ ಇದ್ದರೆ ತೆಗೆದುಕೊಳ್ಳಬೇಡಿ. ವಾಪಸ್ ಬರುವ ಕಡೆ ಲಾಕ್ ಇದ್ದರೆ ಅನುಕೂಲವೇ.

ಪೈಪಿನಲ್ಲಿ ಸೂಜಿ ತೂತಿನಷ್ಟು ಸೋರಿಕೆ ಇದ್ದರೆ ಕೈ ಸವರಿ ಹುಡುಕಬೇಡಿ, ರಟ್ಟು ಹಿಡಿದು ನೋಡಿ. ಆ ಒತ್ತಡದ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಕಾಣುವುದು ಒಂದು ಚುಕ್ಕಿ, ಮೊದಲು ನೋವೂ ಅಷ್ಟಿರುವುದಿಲ್ಲ, ಒಳಗೆ ಮಾಂಸ ಕೊಳೆಯಲು ಶುರುವಾಗಿರುತ್ತದೆ. ಹಾಗಾದರೆ ಅರಿಶಿನ ಹಚ್ಚಿ ಕೂರದೆ ಆಗಲೇ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ.

ಪೈಪ್ ಎಲ್ಲಿ ಮಾಡಿಸುವುದು ಅಂದರೆ, ಜೆಸಿಬಿಗಳಿಗೆ ಹೋಸ್ ಒತ್ತಿಕೊಡುವ ಅಂಗಡಿ ಈಗ ತಾಲ್ಲೂಕು ಕೇಂದ್ರಗಳಲ್ಲಿ ಸಿಗುತ್ತದೆ. ಎರಡು ತಂತಿ ಪದರದ ಅರ್ಧ ಇಂಚಿನ ಹೋಸ್ ಈ ಕೆಲಸಕ್ಕೆ ಸರಿ. ಹಳೇ ಪೈಪನ್ನೋ, ಟ್ರ್ಯಾಕ್ಟರ್‌ನ ಕಪ್ಲರ್‌ನ ಜೋಡಿಯನ್ನೋ ಜೊತೆಗೆ ಒಯ್ಯಿರಿ. ವಿದೇಶದಿಂದ ಬಂದ ಯಂತ್ರದ ಥ್ರೆಡ್ ಬೇರೆ, ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಿಎಸ್‌ಪಿ ಥ್ರೆಡ್ ಬೇರೆ. ಎರಡು ಸುತ್ತು ಹಿಡಿಯಿತು ಅಂತ ಸ್ಪಾನರ್ ಹಾಕಿ ಬಿಗಿದರೆ ಒತ್ತಡ ಬಿದ್ದಾಗ ಕಿತ್ತು ಬರುತ್ತದೆ.

ಸೆಕೆಂಡ್ ಹ್ಯಾಂಡ್ ಯಂತ್ರ ನೋಡಲು ಹೋದರೆ ರಾಡ್ ಪೂರ್ತಿ ಚಾಚಿಸಿ, ಬಟ್ಟೆಯಲ್ಲಿ ಒರೆಸಿ, ಉಗುರು ಎಳೆದು ನೋಡಿ. ತುಕ್ಕಿನ ಗುಳಿ ಉಗುರಿಗೆ ಸಿಕ್ಕರೆ ಸೀಲ್ ಹೋಗಿದೆ ಅಥವಾ ಸದ್ಯದಲ್ಲೇ ಹೋಗುತ್ತದೆ. ಕೆಲಸ ಮುಗಿದ ಮೇಲೆ ರಾಡ್ ಹೊರಗೆ ಬಿಟ್ಟು ಮಳೆಗಾಲ ಕಳೆದವರ ಯಂತ್ರಗಳೆಲ್ಲ ಹೀಗೇ ಇರುತ್ತವೆ. ಆಮೇಲೆ ಒಂದು ಗಂಟಿನ ತುಂಡು ಇಟ್ಟು ಬೆಣೆ ಒತ್ತಿಸಿ, ಲಿವರ್ ಹಿಡಿದೇ ಇರಿ. ರಿಲೀಫ್ ವಾಲ್ವ್ ಸದ್ದು ಮಾಡದೆ ಬೆಣೆ ಸುಮ್ಮನೆ ನಿಂತರೆ ಆಯಿಲ್ ಪಿಸ್ಟನ್ ದಾಟಿ ಹಿಂದಕ್ಕೆ ಹೋಗುತ್ತಿರಬಹುದು, ಪಂಪೇ ಸವೆದಿರಬಹುದು. ಸೀಲ್ ಕಿಟ್ ಹಾಕಿಸುವುದು ದೊಡ್ಡ ಖರ್ಚಲ್ಲ, ಪಂಪ್ ಆದರೆ ಬೆಲೆಯಲ್ಲಿ ಅದನ್ನು ಮುರಿದುಕೊಂಡೇ ಮಾತಾಡಿ.